ಒಂದು ಮಣಿಗೆ ಏನೂ ಬರುವುದಿಲ್ಲ

ಔಕಿಯ ಶಾಲೆಯಲ್ಲಿ, ತಗಡಿನ ಸೂರು ಕಾದ ಮಧ್ಯಾಹ್ನ,
ಪ್ರಶ್ನೆ ಐದು: ನಿಸರ್ಗದಲ್ಲಿ ಸಿಗುವ ಮೂರು ಪಾಲಿಮರ್ ಹೆಸರಿಸಿ,
ಜೀವಿಗಳಲ್ಲಿ ಅವುಗಳ ಕೆಲಸವೇನು, ಬರೆಯಿರಿ.
ಆರು ಅಂಕ.

ಬರೆದೆ: ಪಿಷ್ಟ. ಸೆಲ್ಯುಲೋಸ್. ಪ್ರೋಟೀನ್.
ಕೂಡಿಡುವುದಕ್ಕೆ. ನೆಟ್ಟಗೆ ನಿಲ್ಲುವುದಕ್ಕೆ. ಮೈ ಕಟ್ಟುವುದಕ್ಕೆ.
ಆರಕ್ಕೆ ಆರು ಬಂತು.
ಜೇಡದ ಹೆಸರು ಬರೆದಿರಲಿಲ್ಲ.
ಅಜ್ಜನದೂ.

ನಮ್ಮದು ಹವಳಗಲ್ಲು ಪೇರಿಸಿ ಕಟ್ಟಿದ ನಡುಗಡ್ಡೆ,
ಕೋಳಿ ಬೆದರಿ ಓಡಿದರೆ ಹತ್ತು ಹೆಜ್ಜೆಗೆ ಸಮುದ್ರ.
ನಸುಕಿಗೇ ಅಜ್ಜ ಇರೋಗಾ ದೋಣಿ ಹಾಯಿಸಿ
ಮಲೈತಾದ ಕಾಡಂಚಿಗೆ ಹೋಗುತ್ತಾನೆ, ಕೈಯಲ್ಲೊಂದು ಕವಲುಕಡ್ಡಿ.
ಅಲ್ಲಿ ಮರದಿಂದ ಮರಕ್ಕೆ ದೊಡ್ಡ ಜೇಡಗಳ ಬಲೆ,
ಬಿಸಿಲು ತಾಕಿದ ಕಡೆ ಮಾತ್ರ ಹಳದಿ, ಉಳಿದಂತೆ ಇಲ್ಲವೇ ಇಲ್ಲ.
ಕಡ್ಡಿ ತಿರುವುತ್ತಾನೆ, ತಿರುವುತ್ತಾನೆ,
ಇಪ್ಪತ್ತು ಬಲೆ ಸುತ್ತಿದರೆ ಹೆಬ್ಬೆರಳಿನಷ್ಟು ಕುಚ್ಚು.
‘ಇವತ್ತಿನದು ನನಗೆ. ನಾಳೆಗೆ ಇನ್ನೊಂದು ನೇಯ್ದುಕೋ ತಾಯಿ.’
ಅವಳು ಎಲೆಯ ಮರೆಗೆ ಸರಿಯುತ್ತಾಳೆ.
ಹೊಟ್ಟೆಯಲ್ಲಿ ನೀರಾಗಿದ್ದದ್ದು
ಎಳೆದ ಕ್ಷಣಕ್ಕೆ ನೂಲು.

ಆಮೇಲೆ ಸಾಗುವಾನೆಯ ಎಲೆ ಹೊಲಿದ ಗಾಳಿಪಟ,
ಅದರ ಬಾಲಕ್ಕೆ ಉದ್ದ ದಾರ, ದಾರದ ತುದಿಗೆ ಜೇಡದ ಕುಚ್ಚು.
ಪಟ ಮೇಲೆ, ಕುಚ್ಚು ಅಲೆಯ ನೆತ್ತಿಯ ಮೇಲೆ ಕುಪ್ಪಳಿಸುತ್ತ.
ಗಾಳವಿಲ್ಲ. ಎರೆಹುಳು ಇಲ್ಲ.
ಸೂಜಿಬಾಯಿಯ ಮೀನು ಕಚ್ಚುತ್ತದೆ,
ನೂರು ಸಣ್ಣ ಹಲ್ಲು ನೂಲಿನೊಳಗೆ ಇಳಿಯುತ್ತವೆ.
ಇಳಿದವು ಇಳಿದವೇ.

ಅಜ್ಜಿ ಡೊರೊಥಿಯಾ ಮನೆಯ ನೆರಳಲ್ಲಿ ಕೂತು
ಚಿಪ್ಪು ಒಡೆದು, ತೂತು ಕೊರೆದು, ಕಲ್ಲಿಗೆ ಉಜ್ಜಿ ಮಣಿ ಮಾಡುತ್ತಾಳೆ.
ನಮ್ಮ ಕಡೆ ಅದೇ ಹಣ.
ಚಿಕ್ಕವಳಿದ್ದಾಗ ಒಂದು ಕೆಂಪುಮಣಿ ಕದ್ದು
ಅಂಗಡಿಗೆ ಓಡಿದ್ದೆ. ನಕ್ಕು ಕಳಿಸಿದರು.
‘ಒಂದು ಮಣಿಗೆ ಏನೂ ಬರುವುದಿಲ್ಲ ಕಣೇ,
ಒಂದು ಬಾಳೆಹಣ್ಣೂ.
ಸರವಾದರೆ ಹಂದಿ. ಹತ್ತು ಸರ ಕೂಡಿದರೆ ಮದುವೆ,
ಇಲ್ಲಾ, ಎರಡು ಮನೆಗಳ ನಡುವೆ ಹರಿದ ರಕ್ತಕ್ಕೆ ಕಟ್ಟೆ.’

ಅದಕ್ಕೇ ಸರ್ ಕರಿಹಲಗೆಯ ಮೇಲೆ
ಒಂದು ಸೊನ್ನೆ, ಒಂದು ಗೀಟು, ಇನ್ನೊಂದು ಸೊನ್ನೆ ಎಳೆಯುತ್ತ
ಹಲಗೆ ಮುಗಿದು ಗೋಡೆಯ ಮೇಲೂ ಸೀಮೆಸುಣ್ಣ ಓಡಿಸಿದಾಗ
ನಾನು ನಕ್ಕುಬಿಟ್ಟದ್ದು.
‘ಏನು?’ ಅಂದರು. ಏನಿಲ್ಲ ಅಂದೆ.

ಸಕ್ಕರೆಯ ಮಣಿ ಒಂದೇ ಅಂತೆ.
ಹೀಗೆ ಪೋಣಿಸಿದರೆ ಕೆಸುವಿನ ಗೆಡ್ಡೆ, ಬೆಂದು ಬಾಯಲ್ಲಿ ಕರಗುವುದು.
ಒಂದು ಬಿಟ್ಟು ಒಂದನ್ನು ಬೋರಲು ಹಾಕಿ ಪೋಣಿಸಿದರೆ
ದೋಣಿಯ ಮರ, ಪಟದ ಎಲೆ,
ಹಸಿದವನು ಇಡೀ ದಿನ ಅಗಿದರೂ ಹೊಟ್ಟೆಗೆ ದಕ್ಕದ್ದು.
ಮಣಿ ಅದೇ.
ಇದನ್ನು ಹೇಳಿದಾಗ ಅಜ್ಜಿ ತಲೆ ಎತ್ತಲಿಲ್ಲ:
‘ಮತ್ತೆ? ಪೋಣಿಸೋದರಲ್ಲೇ ಇರೋದು.’

ಕಳೆದ ವರ್ಷ ಅಣ್ಣ ಮಾಎಲಿ ನೈಲಾನ್ ತಂದ.
ಪಟದ ದಾರಕ್ಕೆ ಅಜ್ಜ ಒಪ್ಪಿದ, ಖುಷಿಯಿಂದಲೇ,
ಹಳೆಯ ನಾರಿನ ದಾರ ಅವನ ಬೆರಳು ಕೊಯ್ಯುತ್ತಿತ್ತು.
ಕುಚ್ಚನ್ನೂ ನೈಲಾನಿನದೇ ಮಾಡಿ ನೋಡಿದರು.
ಮೀನು ಕಚ್ಚಿತು, ಬಿಟ್ಟಿತು, ಕಚ್ಚಿತು, ಬಿಟ್ಟಿತು.
ಅದೂ ಸರವೇ, ಸರ್ ಹೇಳುವ ಹಾಗೆ.
ಆ ಕುಚ್ಚು ಈಗಲೂ ಮೆಟ್ಟಿಲ ಬಳಿಯ ಕಲ್ಲಿಗೆ ಸಿಕ್ಕಿಕೊಂಡಿದೆ,
ತೆರೆ ಬಂದಾಗ ಕೈ ಬೀಸುತ್ತದೆ.

ಶನಿವಾರ ದೋಣಿಯ ಹಿಂದೆ ನಾನು, ಮುಂದೆ ಅಜ್ಜ.
ಅವನ ತೋಳಿನ ಚರ್ಮ ಜೋತಿದೆ.
ಒಳಗಿನ ಹುರಿ ಸಡಿಲವಾಗುವುದಕ್ಕೂ ಪುಸ್ತಕದಲ್ಲಿ ಹೆಸರಿದೆ,
ನಾನು ಅದನ್ನು ಹೇಳಲಿಲ್ಲ.
ಆರು ಅಂಕದ ಉತ್ತರವನ್ನಷ್ಟೇ ಒಪ್ಪಿಸಿದೆ.
ಪೂರ್ತಿ ಕೇಳಿದ.
ಮೀನಿನ ಹಲ್ಲಿನಿಂದ ಕುಚ್ಚನ್ನು ಎಳೆಯೆಳೆಯಾಗಿ ಬಿಡಿಸಿ,
ಸಮುದ್ರದಲ್ಲಿ ಅದ್ದಿ, ಹೊಸೆದು, ಮತ್ತೆ ಕಟ್ಟಿದ.
‘ನಿಮ್ಮ ಮೇಷ್ಟ್ರಿಗೆ ಹೇಳು,
ಒದ್ದೆಯಾದರೂ ಹಿಡಿಯುತ್ತೆ.’

ಸೋಮವಾರ ಹೇಳಿದೆ.
ಸರ್ ಸೀಮೆಸುಣ್ಣ ಕೆಳಗಿಟ್ಟು
‘ಎಷ್ಟು ಮೀನಿನ ತನಕ?’ ಅಂದರು.